ಭೂಗೋಳದ ಸಾಫ್ಟ್‌ವೇರ್ ಯಾವ ಕಪಾಟಿಗೆ?

ಜುಲೈ ತಿಂಗಳ ಒಂದು ಮಧ್ಯಾಹ್ನ ಪಕ್ಕದ ತೋಟದ ರೈಟರು, ಅಂದರೆ ತೋಟದ ಲೆಕ್ಕ ಬರೆಯುವವರು, ಕೊಡಗಿನ ನಮ್ಮ ವಾಚನಾಲಯಕ್ಕೆ ಬಂದರು. ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿಟ್ಟು, ಪ್ಲಾಸ್ಟಿಕ್ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟರು. ಹಿಂದಿನ ದಿನ ನಮ್ಮ ಹಾರ್ಡ್ ಡಿಸ್ಕ್‌ನಿಂದ 'ಭೂಗೋಳ' ಅನ್ನುವ ಫೋಲ್ಡರನ್ನು ಪೂರ್ತಿ ನಕಲು ಮಾಡಿಕೊಂಡು ಹೋಗಿದ್ದರು. "ಇದು ನನ್ ಹತ್ರ ತಾಂಜಾನಿಯಾ ಎಲ್ಲಿದೆ ಅಂತ ಕೇಳ್ತಾ ಇದೆ. ನಂಗೆ ಬೇಕಾಗಿದ್ದು ನಮ್ ಬಾಣೆ ಎಲ್ಲಿಗೆ ಮುಗಿಯುತ್ತೆ ಅಂತ," ಅಂದರು.

ಅವರು ತೆರೆದಿದ್ದು ಕೆಜಿಯಾಗ್ರಫಿ. ಅದು ಮಕ್ಕಳಿಗೆ ದೇಶ, ರಾಜ್ಯ, ರಾಜಧಾನಿ, ಬಾವುಟ ಕಲಿಸುವ ರಸಪ್ರಶ್ನೆ. ಬಾಣೆಯ, ಅಂದರೆ ಗುಡ್ಡದ ಜಮೀನಿನ, ಗಡಿ ಬಿಡಿಸಲು ಬೇಕಾಗಿದ್ದು ಕ್ಯೂಜಿಐಎಸ್ ಅನ್ನುವ ನಕ್ಷೆ ಬಿಡಿಸಿ ಅಳೆಯುವ ಸಾಫ್ಟ್‌ವೇರ್, ಅದೂ ಅದೇ ಫೋಲ್ಡರ್‌ನಲ್ಲೇ ಇತ್ತು. ಆದರೆ ಒಂದರ ಹೆಸರಲ್ಲಿ ಜಿಯಾಗ್ರಫಿ ಅಂತ ಬರೆದಿದೆ, ಇನ್ನೊಂದರ ಹೆಸರು ನೋಡಿದರೆ ಯಾವುದೋ ಇನ್ಶೂರೆನ್ಸ್ ಕಂಪನಿ ಥರ ಇದೆ. ಯಾರಾದರೂ ಏನನ್ನು ಒತ್ತುತ್ತಾರೆ? ತಪ್ಪು ಅವರದ್ದಲ್ಲ. ಫೋಲ್ಡರ್ ಮಾಡಿದ್ದು ನಾನು.

ಅಲ್ಲಿಂದ ಈ ತಲೆನೋವು ಶುರುವಾಯಿತು. ಇಲ್ಲಿ ಮಳೆಗಾಲದಲ್ಲಿ ನೆಟ್ ನಂಬುವ ಹಾಗಿಲ್ಲ. ಮರ ಬಿದ್ದರೆ ಲೈನ್ ಹೋಯಿತು, ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಮಲಗಿತು. ಅದಕ್ಕೇ ಬೇಸಿಗೆಯಲ್ಲೇ ಒಂದಷ್ಟು ಉಚಿತ ಸಾಫ್ಟ್‌ವೇರ್ ಇಳಿಸಿ ಡಿಸ್ಕ್‌ನಲ್ಲಿ ಇಟ್ಟಿರುತ್ತೇನೆ, ಬೇಕಾದವರು ಬಂದು ಒಯ್ಯುತ್ತಾರೆ. ಅದರಲ್ಲಿ ನಕ್ಷೆ, ಭೂಮಿ, ಜಿಪಿಎಸ್ ಅಂತ 17 ಇವೆ. ಈ 17ನ್ನು ಎಲ್ಲಿಡಬೇಕು ಅನ್ನುವುದಕ್ಕೆ ನಾನು ಐದು ದಾರಿ ನೋಡಿದೆ. ಶಾಲೆಯ ಲ್ಯಾಬ್, ಕಾಲೇಜು, ಸಂಘದ ಕಂಪ್ಯೂಟರ್, ಎಲ್ಲಾದರೂ ನೀವೂ ಇಂಥ ಸಂಗ್ರಹ ನೋಡಿಕೊಳ್ಳುತ್ತಿದ್ದರೆ ಉಪಯೋಗಕ್ಕೆ ಬರಬಹುದು.

ಮೊದಲು ಒಂದು ಸಮಾಧಾನದ ಮಾತು. ಇದರಲ್ಲಿ ದೊಡ್ಡ ದೊಡ್ಡವರೂ ಒಮ್ಮತಕ್ಕೆ ಬಂದಿಲ್ಲ.

ಡೆಬಿಯನ್, ಜೆಂಟೂ, ಓಪನ್‌ಬಿಎಸ್‌ಡಿ, ಫ್ರೀಬಿಎಸ್‌ಡಿ ಇವೆಲ್ಲ ಉಚಿತ ಆಪರೇಟಿಂಗ್ ಸಿಸ್ಟಮ್‌ಗಳು, ತಮ್ಮ ಸಾಫ್ಟ್‌ವೇರನ್ನು ವಿಭಾಗ ಮಾಡಿ ಇಡುತ್ತವೆ. ಡೆಬಿಯನ್‌ನಲ್ಲಿ ಒಂದು ಪ್ಯಾಕೇಜಿಗೆ, ಅಂದರೆ ಒಂದು ಸಾಫ್ಟ್‌ವೇರಿನ ಕಟ್ಟಿಗೆ, ಒಂದೇ ವಿಭಾಗ. ಭೂಗೋಳ ಅನ್ನುವ ವಿಭಾಗವೇ ಇಲ್ಲ, ಹಾಗಾಗಿ ಕ್ಯೂಜಿಐಎಸ್ ವಿಜ್ಞಾನದಲ್ಲಿ ಕೂತಿದೆ. ಜೆಂಟೂದವರು ವಿಜ್ಞಾನದ ಒಳಗೇ ಭೂವಿಜ್ಞಾನಗಳು ಅಂತ ಒಂದು ಕೋಣೆ ಕಟ್ಟಿದ್ದಾರೆ. ಓಪನ್‌ಬಿಎಸ್‌ಡಿಯವರು ಚುಟುಕಾಗಿ 'ಜಿಯೋ' ಅಂದುಬಿಟ್ಟಿದ್ದಾರೆ. ಮಜಾ ಇರುವುದು ಫ್ರೀಬಿಎಸ್‌ಡಿಯಲ್ಲಿ. ಅಲ್ಲಿ ಕ್ಯೂಜಿಐಎಸ್ ಗ್ರಾಫಿಕ್ಸ್ ವಿಭಾಗದಲ್ಲಿದೆ. ಅದರ ಅಣ್ಣನಂತಿರುವ ಗ್ರಾಸ್, ಅಂದರೆ 1980ರ ದಶಕದಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳು ಶುರು ಮಾಡಿದ ಹಳೇ ಹುಲಿ, ಡೇಟಾಬೇಸ್ ವಿಭಾಗದಲ್ಲಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ, ಜನರೇ ಸೇರಿ ಮಾಡುವ ಉಚಿತ ನಕ್ಷೆಯನ್ನು ತಿದ್ದುವ ಜೋಸಮ್ ಖಗೋಳದಲ್ಲಿದೆ! ರಸ್ತೆ ಬಿಡಿಸುವ ಸಾಫ್ಟ್‌ವೇರ್ ನಕ್ಷತ್ರಗಳ ಜೊತೆ. ಜಿಪಿಎಸ್ ಉಪಗ್ರಹ ಮೇಲೆಲ್ಲೋ ಇದೆಯಲ್ಲ, ಅದಕ್ಕಿರಬೇಕು ಅಂತ ನಾನು ನಗುತ್ತೇನೆ. ಕೊನೆಗೆ ಅವರೂ ಇವುಗಳ ಮೇಲೆ ಭೂಗೋಳ ಅನ್ನುವ ಒಂದು ತೋರಿಕೆಯ ವಿಭಾಗ ಇಟ್ಟುಕೊಂಡಿದ್ದಾರೆ. ಅದಕ್ಕೆ ಸ್ವಂತ ಫೋಲ್ಡರ್ ಇಲ್ಲ, ಬರೀ ಹೆಸರಿನ ಚೀಟಿ.

ಸರಿ, ಈಗ ಒಂದೊಂದೇ ದಾರಿ.

ಶಿಕ್ಷಣದ ಒಳಗೆ

ಎಲ್ಲರ ಕೈ ಮೊದಲು ಹೋಗುವುದು ಇಲ್ಲಿಗೇ. ಭೂಗೋಳ ಅಂದರೆ ನಮಗೆಲ್ಲ ಶಾಲೆಯ ವಿಷಯ, ಸಮಾಜ ಪುಸ್ತಕದ ಕೊನೆಯ ಪಾಠಗಳು, ಪರೀಕ್ಷೆಯಲ್ಲಿ ಭಾರತದ ನಕ್ಷೆ ಬಿಡಿಸಿದರೆ ಸಿಗುವ ಅಂಕ. ಲಿನಕ್ಸ್ ಮೆನುವಿನ ನಿಯಮವೂ ಇದಕ್ಕೆ ಕುಮ್ಮಕ್ಕು ಕೊಡುತ್ತದೆ. ಪ್ರತಿ ಸಾಫ್ಟ್‌ವೇರಿನ ಜೊತೆ ಒಂದು ಡೆಸ್ಕ್‌ಟಾಪ್ ಫೈಲ್ ಬರುತ್ತದೆ. ಅದರಲ್ಲಿ 'ಕೆಟಗರೀಸ್' ಅನ್ನುವ ಒಂದು ಸಾಲು. ಭೂಗೋಳ ಅನ್ನುವುದು ಅಲ್ಲಿ ಮುಖ್ಯ ವರ್ಗ ಅಲ್ಲ, ಹೆಚ್ಚುವರಿ ವರ್ಗ. ಶಿಕ್ಷಣ ಅಥವಾ ವಿಜ್ಞಾನದ ಜೊತೆಗೇ ಅದನ್ನು ಬರೆಯಬೇಕು. ಕೆಜಿಯಾಗ್ರಫಿಯ ಸಾಲಿನಲ್ಲಿ ಶಿಕ್ಷಣ ಇದೆ. ನನ್ನ ಹತ್ತಿರ ಇರುವ ಕ್ಯೂಜಿಐಎಸ್ ಪ್ರತಿಯ ಸಾಲಿನಲ್ಲೂ ಶಿಕ್ಷಣ ಇದೆ. ಆ ಸಾಲು ನೋಡಿಯೇ ನಾನು ಎರಡನ್ನೂ ಒಟ್ಟಿಗೆ ಹಾಕಿದ್ದು.

ನಿಮ್ಮದು ಬರೀ ಶಾಲೆಯ ಲ್ಯಾಬ್ ಆಗಿದ್ದರೆ ಶಿಕ್ಷಣವೇ ಸಾಕು, ಮುಂದೆ ಓದುವುದೂ ಬೇಡ. ಆದರೆ ದೊಡ್ಡವರೂ ಬರುವ ಕಡೆ ಇದು ಕೈಕೊಡುತ್ತದೆ. ತೋಟದವರು, ಹೋಂಸ್ಟೇಯವರು, ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಹುಡುಗರು, ಇವರು ಯಾರೂ 'ಶಿಕ್ಷಣ' ಅಂತ ಬರೆದ ಫೋಲ್ಡರನ್ನು ತೆರೆಯುವುದಿಲ್ಲ. ಅದು ಮಕ್ಕಳದ್ದು ಅಂತ ದಾಟಿ ಹೋಗುತ್ತಾರೆ.

ವಿಜ್ಞಾನದ ಒಳಗೆ

ಮರ್ಯಾದೆಯ ಜಾಗ. ಕ್ಯೂಜಿಐಎಸ್, ಗ್ರಾಸ್, ಸಾಗಾ, ಇಂಥವಕ್ಕೆ ಹೊಂದುತ್ತದೆ.

ಇವು ನಿಜಕ್ಕೂ ವಿಜ್ಞಾನದ ಕೆಲಸ ಮಾಡುತ್ತವೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆ ಗುಡ್ಡಗಳು ಜಾರಿದ ಮೇಲೆ ಇಲ್ಲಿ ಇಳಿಜಾರಿನ ನಕ್ಷೆ ಕೇಳುವವರು ಜಾಸ್ತಿ ಆದರು. ಮನೆ ಹಿಂದಿನ ಬರೆ, ಅಂದರೆ ಮಣ್ಣಿನ ಗೋಡೆ, ಎಷ್ಟು ಕಡಿದಾಗಿದೆ, ಮೇಲಿನ ನೀರು ಯಾವ ಕಡೆಗೆ ಇಳಿಯುತ್ತೆ, ಇಂಥ ಪ್ರಶ್ನೆಗಳು. ಗುಡ್ಡದ ಮಟ್ಟಿಗೆ ಇದನ್ನು ಕ್ಯೂಜಿಐಎಸ್‌ನಲ್ಲಿ ಅರ್ಧ ಗಂಟೆಯಲ್ಲಿ ತೋರಿಸಬಹುದು. 2000ದಲ್ಲಿ ಎಂಡೆವರ್ ಶಟಲ್ ರೇಡಾರ್ ಹಿಡಿದು ಅಳೆದ ಎತ್ತರದ ಮಾಹಿತಿ ಉಚಿತವಾಗಿ ಸಿಗುತ್ತದೆ, ಎಸ್‌ಆರ್‌ಟಿಎಂ ಅಂತ. ಅದು ಒಂದೊಂದು ಡಿಗ್ರಿಯ ಚೌಕದ ತುಂಡುಗಳಲ್ಲಿ ಬರುತ್ತದೆ. ನಮ್ಮ ಅದೃಷ್ಟ ನೋಡಿ, 12ರಿಂದ 13 ಡಿಗ್ರಿ ಉತ್ತರ, 75ರಿಂದ 76 ಡಿಗ್ರಿ ಪೂರ್ವ, ಈ ಒಂದೇ ತುಂಡಿನಲ್ಲಿ ಕೊಡಗಿನ ಬಹುಪಾಲು ಕೂರುತ್ತದೆ. ದಕ್ಷಿಣದ ಮತ್ತು ಪೂರ್ವದ ಅಂಚು ಮಾತ್ರ ಪಕ್ಕದ ತುಂಡುಗಳಿಗೆ ಜಾರುತ್ತದೆ. ಫೈಲ್ ಸುಮಾರು 25 ಎಂಬಿ ಅಷ್ಟೇ. ಅದನ್ನು ತೆರೆದು, ರಾಸ್ಟರ್ ಮೆನುವಿನಲ್ಲಿ ಸ್ಲೋಪ್ ಒತ್ತಿದರೆ ತಡಿಯಂಡಮೋಳ್ ಬೆಟ್ಟದ ಮೈಯೆಲ್ಲ ಬೂದು ಬಣ್ಣದಲ್ಲಿ ಎದ್ದು ಬರುತ್ತದೆ. ಒಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು 30 ಮೀಟರ್. ಹಾಗಾಗಿ ಮನೆ ಹಿಂದಿನ ಬರೆ ಅದರಲ್ಲಿ ಕಾಣುವುದಿಲ್ಲ, ಇಡೀ ಗುಡ್ಡದ ಓರೆ ಕಾಣುತ್ತದೆ. ಇದನ್ನು ಕೇಳಿದವರಿಗೆ ಮೊದಲೇ ಹೇಳಿಬಿಡಿ, ಆಮೇಲೆ ಬೈಸಿಕೊಳ್ಳಬೇಡಿ.

ಆದರೆ ಓಸ್ಮ್ಯಾಂಡ್ ವಿಜ್ಞಾನವೇ? ದಾರಿ ತೋರಿಸುವ ಆ್ಯಪ್ ಅದು. ಜಿಪಿಎಸ್ ಫೈಲನ್ನು ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸುವ ಜಿಪಿಎಸ್‌ಬೇಬಲ್ ವಿಜ್ಞಾನವೇ? ಅಲ್ಲ. ಅಲ್ಲಿಗೆ 17ರಲ್ಲಿ ಅರ್ಧ ಹೊರಗೆ ಉಳಿಯಿತು.

ಗ್ರಾಫಿಕ್ಸ್, ಯುಟಿಲಿಟಿ

ಬೇಡ. ನಕ್ಷೆ ಚಿತ್ರದ ಹಾಗೆ ಕಾಣುತ್ತದೆ ಅಂತ ಅದನ್ನು ಫೋಟೋ ತಿದ್ದುವ ಜಿಂಪ್ ಪಕ್ಕ ಇಟ್ಟರೆ ಯಾರಿಗೂ ಸಿಗುವುದಿಲ್ಲ. ಯುಟಿಲಿಟಿ ಅಂದರೆ ಅಟ್ಟ ಇದ್ದ ಹಾಗೆ, ಏನು ಹಾಕಿದರೂ ಹಿಡಿಸುತ್ತದೆ, ಏನೂ ವಾಪಸ್ ಬರುವುದಿಲ್ಲ.

ಭೂಗೋಳಕ್ಕೆ ಸ್ವಂತ ಕಪಾಟು

ನಾನು ಮಾಡಿದ್ದು ಇದನ್ನೇ, ಕೆಟ್ಟಿದ್ದೂ ಇಲ್ಲೇ. ಕಪಾಟು ತಪ್ಪಲ್ಲ, ಹೆಸರು ತಪ್ಪು.

ಕನ್ನಡದಲ್ಲಿ ಫೋಲ್ಡರಿಗೆ ಹೆಸರಿಡುವಾಗ ಒಂದು ತೊಡಕು ಇದೆ. ಭೂಗೋಳ, ಭೂವಿಜ್ಞಾನ, ಭೂಮಾಪನ, ಭೂದಾಖಲೆ. ನಾಲ್ಕೂ 'ಭೂ' ಇಂದಲೇ ಶುರು, ನಾಲ್ಕೂ ಪರದೆಯ ಮೇಲೆ ಒಂದರ ಕೆಳಗೆ ಒಂದು ಬಂದು ನಿಲ್ಲುತ್ತವೆ, ಅವಳಿ ಜವಳಿ ಮಕ್ಕಳ ಥರ. ಒಂದು ಕಾಲದಲ್ಲಿ ನಾನು ನಾಲ್ಕನ್ನೂ ಮಾಡಿ ಇಟ್ಟಿದ್ದೆ. ನೋಡಲು ಬಹಳ ಶಿಸ್ತಾಗಿತ್ತು. ಬಂದವರು ನಾಲ್ಕನ್ನೂ ತೆರೆದು, ಮುಚ್ಚಿ, ಕೊನೆಗೆ ನನ್ನನ್ನೇ ಕೇಳುತ್ತಿದ್ದರು. ಹಾಗಾದರೆ ಕಪಾಟು ಯಾಕೆ, ನಾನೇ ಇದ್ದೀನಲ್ಲ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಬಂದವರು ಬಾಯಿಂದ ಏನು ಕೇಳಿದರೋ ಅದನ್ನೇ ಬರೆದುಕೊಂಡೆ, ತಿದ್ದದೆ. "ಆಫ್‌ಲೈನ್ ಮ್ಯಾಪ್ ಇದ್ಯಾ?" "ಸರ್ವೆ ಸ್ಕೆಚ್ ಮೇಲೆ ಗಿಡ ಎಣಿಸಬೇಕು." "ಮೊಬೈಲ್‌ನಲ್ಲಿ ನಡೆದ ದಾರಿ ಉಳಿಸಿದ್ದೆ, ಕಂಪ್ಯೂಟರ್‌ನಲ್ಲಿ ನೋಡೋದು ಹೇಗೆ?" "ಹಳೇ ಟೋಪೋಶೀಟ್ ಸ್ಕ್ಯಾನ್ ಮಾಡಿದ್ದೀನಿ, ಈಗಿನ ಮ್ಯಾಪ್ ಮೇಲೆ ಕೂರಿಸ್ಬೇಕು." ಮಳೆಗಾಲ ಮುಗಿಯುವ ಹೊತ್ತಿಗೆ ಎರಡು ಪುಟ ಆಯಿತು. ಅದರಲ್ಲಿ ಭೂಗೋಳ ಅನ್ನುವ ಪದ ಬಳಸಿದ್ದು ಒಬ್ಬರೇ, ಹೈಸ್ಕೂಲಿನ ಸಮಾಜ ಮೇಡಂ. ಮಿಕ್ಕ ಎಲ್ಲರೂ ಮ್ಯಾಪ್ ಅಂದರು, ಸ್ಕೆಚ್ ಅಂದರು, ಜಿಪಿಎಸ್ ಅಂದರು. ಭೂಗೋಳ ಅನ್ನುವುದು ವಿಷಯದ ಹೆಸರು. ಜನ ವಿಷಯ ಹುಡುಕಿಕೊಂಡು ಬರುವುದಿಲ್ಲ, ಕೆಲಸ ಹಿಡಿದುಕೊಂಡು ಬರುತ್ತಾರೆ.

ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರ್ ಕೊಡುವ ಗ್ರಂಥಾಲಯದ ಡ್ಯೂಯಿ ಕ್ರಮದಲ್ಲೂ ಈ ಚದುರಾಟ ಇದೆ ಅನ್ನುವುದು ಆಮೇಲೆ ಹೊಳೆಯಿತು. ಭೂಗೋಳ ಮತ್ತು ಪ್ರವಾಸ 910ರಲ್ಲಿ, ನಕ್ಷೆ ಅಟ್ಲಾಸ್ 912ರಲ್ಲಿ, ಭೂವಿಜ್ಞಾನ 551ರಲ್ಲಿ, ಸರ್ವೆ ಕೆಲಸ 526ರಲ್ಲಿ. ಒಂದೇ ಗುಡ್ಡದ ಬಗ್ಗೆ ನಾಲ್ಕು ಪುಸ್ತಕ ಇದ್ದರೆ ನಾಲ್ಕು ಕಡೆ ಓಡಬೇಕು. ಗ್ರಂಥಾಲಯ ವಿಜ್ಞಾನಿ ರಂಗನಾಥನ್ 1933ರಲ್ಲಿ ಪುಸ್ತಕ ವಿಂಗಡಿಸುವ ತಮ್ಮ ಕೋಲನ್ ವರ್ಗೀಕರಣ ತಂದಾಗ ಬೇರೆ ದಾರಿ ಹಿಡಿದರು. ಒಂದು ವಸ್ತುವಿಗೆ ಹಲವು ಮುಖ ಇರುತ್ತವೆ, ಆ ಮುಖಗಳನ್ನು ಬೇರೆ ಬೇರೆ ಗುರುತಿಸಿ ಆಮೇಲೆ ಜೋಡಿಸಿ ಅಂದರು. ಅವರದ್ದೇ ಇನ್ನೊಂದು ನಿಯಮ, ಓದುಗರ ಸಮಯ ಉಳಿಸಿ ಅಂತ. ನನ್ನ ನಾಲ್ಕು 'ಭೂ' ಫೋಲ್ಡರ್ ನೋಡಿದ್ದರೆ ಅವರು ಏನನ್ನುತ್ತಿದ್ದರೋ.

ಟ್ಯಾಗ್ ಹಚ್ಚುವುದು

ಮುಖಗಳ ವಿಚಾರ ಬಂದ ಮೇಲೆ ಟ್ಯಾಗ್, ಅಂದರೆ ಗುರುತಿನ ಚೀಟಿ, ನೆನಪಾಗಲೇಬೇಕು. ಡೆಬಿಯನ್‌ನಲ್ಲಿ ವಿಭಾಗ ಒಂದೇ ಆದರೂ ಟ್ಯಾಗ್ ಬೇರೆ ಇದೆ, ಅದರಲ್ಲಿ ಭೂಗೋಳ ಅನ್ನುವ ಕ್ಷೇತ್ರವೂ ಇದೆ. ಒಂದು ಸಾಫ್ಟ್‌ವೇರಿಗೆ ನಕ್ಷೆ, ಶಾಲೆ, ಜಿಪಿಎಸ್ ಅಂತ ಎಷ್ಟು ಬೇಕಾದರೂ ಹಚ್ಚಬಹುದು. ನಿಮ್ಮ ಸಂಗ್ರಹ ವೆಬ್‌ಸೈಟ್ ರೂಪದಲ್ಲಿದ್ದರೆ, ಹುಡುಕುವ ಪೆಟ್ಟಿಗೆ ಚೆನ್ನಾಗಿದ್ದರೆ, ಯೋಚಿಸಲೇಬೇಡಿ, ಟ್ಯಾಗೇ ಸರಿ. ಎಲ್ಲಕ್ಕಿಂತ ಒಳ್ಳೆಯದು ಅದೇ.

ಡಿಸ್ಕ್ ಮತ್ತು ಪೆನ್ ಡ್ರೈವ್ ಆದರೆ ಮಾತ್ರ ಇದು ಕೆಲಸಕ್ಕೆ ಬರುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಇದರಲ್ಲಿ ನನ್ನ ಒಂದು ಭಾನುವಾರ ಹಾಳಾಗಿದೆ. ಲಿನಕ್ಸಿನಲ್ಲಿ ಫೈಲ್ ನೋಡಿಕೊಳ್ಳುವ ಡಾಲ್ಫಿನ್‌ನಲ್ಲಿ ಕೂತು 17ಕ್ಕೂ ಬೆಳಗಿನಿಂದ ಟ್ಯಾಗ್ ಹಚ್ಚಿದೆ. ಆ ಟ್ಯಾಗ್ ಫೈಲಿನ ಒಳಗೆ ಇರುವುದಿಲ್ಲ, ಫೈಲ್ ಸಿಸ್ಟಮ್ಮಿನಲ್ಲಿ ಫೈಲಿಗೆ ಅಂಟಿಕೊಂಡಿರುತ್ತದೆ. ವಿಂಡೋಸಿನವರಿಗೂ ಓದಲು ಬರಲಿ ಅಂತ ನನ್ನ ಡಿಸ್ಕನ್ನು ಎಕ್ಸ್‌ಫ್ಯಾಟ್ ಅನ್ನುವ ಫೈಲ್ ಸಿಸ್ಟಮ್ಮಿಗೆ ಫಾರ್ಮ್ಯಾಟ್ ಮಾಡಿದ್ದೆ. ಅದರಲ್ಲಿ ಇಂಥ ಟ್ಯಾಗಿಗೆ ಜಾಗ ಇಲ್ಲ. ನಕಲು ಮಾಡಿದ ಕೂಡಲೇ ಟ್ಯಾಗ್ ಎಲ್ಲ ಉದುರಿಹೋಯಿತು. ಒಂದೂ ಉಳಿಯಲಿಲ್ಲ.

ಹಾಗಾದರೆ ಆರಿಸುವುದು ಹೇಗೆ

ಈಗ ಎಲ್ಲ ಕಡೆ ಸುತ್ತಿ ಬಂದು ನಾನು ಇಟ್ಟುಕೊಂಡಿರುವುದು ಹೀಗೆ. 'ನಕ್ಷೆ' ಅಂತ ಮೇಲಿನ ಹಂತದಲ್ಲೇ ಒಂದು ಫೋಲ್ಡರ್. ಅದರೊಳಗೆ 'ನೋಡಲು', 'ದಾರಿ ಹುಡುಕಲು', 'ಬಿಡಿಸಲು ಮತ್ತು ಅಳೆಯಲು'. ಪಾಠದ ಭೂಗೋಳ ಮಾತ್ರ ಶಿಕ್ಷಣದ ಒಳಗೆ, 'ಭೂಗೋಳ ಪಾಠ' ಅನ್ನುವ ಹೆಸರಿನಲ್ಲೇ. ಮೇಡಂ ಅದೇ ಪದ ಹುಡುಕಿಕೊಂಡು ಬರುತ್ತಾರಲ್ಲ. ಅಂದರೆ ಭೂಗೋಳವನ್ನು ಒಂದೇ ಕಡೆ ಇಡಬೇಕು ಅನ್ನುವ ಹಟ ಬಿಟ್ಟೆ.

ಯಾವುದು ಎಲ್ಲಿಗೆ ಅಂತ ಗೊಂದಲ ಆದರೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಕೆಲಸ ಮುಗಿದ ಮೇಲೆ ಇದು ಯಾವ ಫೈಲ್ ಉಳಿಸುತ್ತದೆ? ಅಂಕ ಉಳಿಸಿದರೆ ಶಿಕ್ಷಣಕ್ಕೆ ಹೋಗಲಿ. ಜಿಪಿಎಕ್ಸ್ ಉಳಿಸಿದರೆ, ಅಂದರೆ ನಡೆದ ದಾರಿಯ ಚುಕ್ಕೆಗಳನ್ನು, ಅದು ದಾರಿ ಹುಡುಕಲು. ಶೇಪ್‌ಫೈಲ್ ಉಳಿಸಿದರೆ, ಅಂದರೆ ಬಿಡಿಸಿದ ಗಡಿ ಗೆರೆಗಳನ್ನು, ಬಿಡಿಸಲು ಮತ್ತು ಅಳೆಯಲು. ಏನೂ ಉಳಿಸದಿದ್ದರೆ, ಸುಮ್ನೆ ತಿರುಗಿಸಿ ನೋಡಿ ಮುಚ್ಚುವುದಾದರೆ, ನೋಡಲು. ಶೇಪ್‌ಫೈಲ್ ಅಂದರೆ ಒಂದು ಫೈಲ್ ಅಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಎಸ್‌ಎಚ್‌ಪಿ, ಎಸ್‌ಎಚ್‌ಎಕ್ಸ್, ಡಿಬಿಎಫ್, ಈ ಮೂರೂ ಒಂದೇ ಹೆಸರಿನಲ್ಲಿ ಒಂದೇ ಕಡೆ ಇರಲೇಬೇಕು. ರೈಟರು ಒಮ್ಮೆ ಬರೀ ಎಸ್‌ಎಚ್‌ಪಿಯನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡು ಹೋಗಿ, ಗಡಿ ಎಲ್ಲ ಮಾಯ ಅಂತ ಫೋನ್ ಮಾಡಿದ್ದರು.

ಈ ಪ್ರಶ್ನೆಗೆ ಸಿಗದವೂ ಇವೆ. ಮಾರ್ಬಲ್ ತಗೊಳ್ಳಿ. ಗೋಳ ತಿರುಗಿಸಬಹುದು, ಚಂದ್ರನನ್ನೂ ನೋಡಬಹುದು, 1689ರ ಹಳೇ ಪ್ರಪಂಚ ನಕ್ಷೆಯೂ ಅದರೊಳಗಿದೆ, ಜೊತೆಗೆ ಜಿಪಿಎಕ್ಸ್ ಫೈಲನ್ನೂ ತೆರೆಯುತ್ತದೆ. ಶಾಲೆಗೋ ನಕ್ಷೆಗೋ? ನಾನು ಶಾಲೆಗೆ ಹಾಕಿದೆ, ಮಕ್ಕಳು ಅದನ್ನು ಬಿಡುವುದೇ ಇಲ್ಲ. 'ನೋಡಲು' ಫೋಲ್ಡರ್‌ನಲ್ಲಿ ಒಂದು ಸಣ್ಣ ಪಠ್ಯ ಫೈಲ್ ಇಟ್ಟೆ, ಹೆಸರೇ 'ಮಾರ್ಬಲ್ ಶಿಕ್ಷಣದಲ್ಲಿದೆ' ಅಂತ. ಶಾರ್ಟ್‌ಕಟ್ ಯಾಕೆ ಮಾಡಲಿಲ್ಲ ಅಂದರೆ ಎಕ್ಸ್‌ಫ್ಯಾಟ್‌ನಲ್ಲಿ ಲಿನಕ್ಸಿನ ಸಿಂಬಾಲಿಕ್ ಲಿಂಕ್ ನಡೆಯುವುದಿಲ್ಲ. ಪಠ್ಯ ಫೈಲ್ ಎಲ್ಲಿ ಬೇಕಾದರೂ ನಡೆಯುತ್ತದೆ, ತೆರೆಯುವುದೂ ಬೇಡ, ಹೆಸರು ಓದಿದರೆ ಸಾಕು.

ಗೂಗಲ್ ಅರ್ತ್ ಪ್ರೊ 2015ರಿಂದ ಉಚಿತ, ಅದು 'ನೋಡಲು'. ಗಡಿ ಬಿಡಿಸಿ ಕೆಎಂಎಲ್ ಅನ್ನುವ ನಕ್ಷೆ ಫೈಲ್ ಉಳಿಸಬಹುದು ನಿಜ, ಆದರೆ ನಮ್ಮಲ್ಲಿ ಅದನ್ನು ಜನ ಒಯ್ಯುವುದು ಮನೆಯ ಛಾವಣಿ ಹುಡುಕಲು. ನೆಟ್ ಇಲ್ಲದೆ ಅದು ಹೆಚ್ಚೇನೂ ತೋರಿಸುವುದಿಲ್ಲ ಅಂತ ಪಕ್ಕದಲ್ಲಿ ಬರೆದಿದ್ದೇನೆ. ಸ್ಟೆಲ್ಲೇರಿಯಂ ಆಕಾಶದ್ದು, ಇಲ್ಲಿಗೆ ಬೇಡ. ಜಿಯೋಜಿಬ್ರಾ ಹೆಸರು ನೋಡಿ ಮೋಸ ಹೋಗಬೇಡಿ, ಅದು ಜ್ಯಾಮಿತಿ ಮತ್ತು ಬೀಜಗಣಿತ, ಪಕ್ಕಾ ಲೆಕ್ಕದ ಮೇಷ್ಟ್ರ ಸೊತ್ತು. ನನ್ನ ಹಳೇ ಭೂಗೋಳ ಫೋಲ್ಡರ್‌ನಲ್ಲಿ ಅದೂ ಇತ್ತು ಅಂತ ಹೇಳಲು ನಾಚಿಕೆ ಆಗುತ್ತದೆ. ನಕ್ಷೆಯ ಫೈಲನ್ನು ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸುವ ಜಿಡಿಎಎಲ್‌ಗೆ ಕಿಟಕಿಯೇ ಇಲ್ಲ, ಆಜ್ಞೆ ಬರೆದು ಓಡಿಸಬೇಕು. ಅದನ್ನು ಕ್ಯೂಜಿಐಎಸ್ ಪಕ್ಕದಲ್ಲೇ ಇಡಿ, ಬೇಕಾದವರಿಗೆ ಗೊತ್ತಿರುತ್ತದೆ, ಗೊತ್ತಿಲ್ಲದವರಿಗೆ ಬೇಕಾಗಿರುವುದಿಲ್ಲ.

ಫೋನಿನ ಆ್ಯಪ್‌ಗಳಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಪ್ಲೇ ಸ್ಟೋರಿನವರು ನಕ್ಷೆ ಮತ್ತು ನ್ಯಾವಿಗೇಶನ್ ಅಂತ ಒಂದು ವರ್ಗ ಇಟ್ಟಿದ್ದಾರೆ, ಜನಕ್ಕೆ ಅದು ರೂಢಿ ಆಗಿದೆ. ಓಸ್ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಎರಡೂ 'ದಾರಿ ಹುಡುಕಲು'. ಎರಡೂ ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿಯನ್ನೇ ಬಳಸುತ್ತವೆ, ಎರಡೂ ನೆಟ್ ಇಲ್ಲದೆ ನಡೆಯುತ್ತವೆ. ಹೋಂಸ್ಟೇಯವರಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಕೊಡಿ, ಸುಲಭ. ಟ್ರ್ಯಾಕ್ ಉಳಿಸಿ, ಬಣ್ಣ ಬದಲಿಸಿ, ಎತ್ತರದ ಗೆರೆ ನೋಡಿ ಅಂತ ಆಟ ಆಡುವವರಿಗೆ ಓಸ್ಮ್ಯಾಂಡ್. ರಾಜ್ಯದ ದೂರಸಂವೇದಿ ಕೇಂದ್ರದ ದಿಶಾಂಕ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದಕ್ಕೆ ನೆಟ್ ಬೇಕು, ಹಾಗಾಗಿ ಡಿಸ್ಕ್‌ನಲ್ಲಿ ಇಡಲಿಲ್ಲ, ಹೆಸರು ಮಾತ್ರ ಬರೆದಿಟ್ಟೆ. ಅದರಲ್ಲಿ ಕಂಡ ಗೆರೆ ಸರ್ವೆಯರ್ ಹಾಕಿದ ಗೆರೆ ಅಲ್ಲ ಅಂತಲೂ ಬರೆದೆ. ಜಮ್ಮಾ, ಬಾಣೆ, ಪೈಸಾರಿ ಅಂತ ಜಮೀನಿಗೆ ಹಲವು ಬಗೆ ಇರುವ ಊರಲ್ಲಿ ಫೋನ್ ತೋರಿಸಿ ಪಕ್ಕದವರ ಹತ್ತಿರ ಜಗಳಕ್ಕೆ ಹೋದರೆ ಏನಾಗುತ್ತೆ ಗೊತ್ತಲ್ವಾ.

ಮಾಹಿತಿಯನ್ನು ಸಾಫ್ಟ್‌ವೇರಿನ ಜೊತೆ ಬೆರೆಸಬೇಡಿ. ಎತ್ತರದ ತುಂಡು, ಸ್ಕ್ಯಾನ್ ಮಾಡಿದ ಶೀಟು, ತಾಲೂಕಿನ ಗಡಿ ಇವೆಲ್ಲ 'ನಕ್ಷೆಯ ಮಾಹಿತಿ' ಅಂತ ಬೇರೆ ಫೋಲ್ಡರ್‌ನಲ್ಲಿರಲಿ, ವರ್ಷ ಬರೆದು. ಕೊಡಗಿಗೆ ಮೊದಲು ಮೂರೇ ತಾಲೂಕು, ಈಗ ಪೊನ್ನಂಪೇಟೆ ಮತ್ತು ಕುಶಾಲನಗರ ಸೇರಿ ಐದು. ಗಡಿಯ ಫೈಲಿನಲ್ಲಿ ವರ್ಷ ಇಲ್ಲದಿದ್ದರೆ ಯಾವುದು ಹಳೆಯದು, ಯಾವುದು ಹೊಸದು ಅಂತ ತೆರೆದು ಎಣಿಸಬೇಕಾಗುತ್ತದೆ. ಸಾಫ್ಟ್‌ವೇರ್ ಹಳೆಯದಾದರೆ ಅಳಿಸಿ ಹೊಸದು ಹಾಕಬಹುದು. ಹಳೇ ನಕ್ಷೆಯನ್ನು ಮಾತ್ರ ಅಳಿಸಲೇಬೇಡಿ.

ನಿಮ್ಮ ಹತ್ತಿರ ಇಂಥ ಸಾಫ್ಟ್‌ವೇರ್ ಐದಾರೇ ಇದ್ದರೆ ಒಳ ಫೋಲ್ಡರ್ ಯಾವುದೂ ಬೇಡ, 'ನಕ್ಷೆ' ಒಂದೇ ಸಾಕು. 50 ದಾಟಿದರೆ ನನ್ನ ಮೂರು ಸಾಲದು. ಆಗ ಸರ್ವೆಯನ್ನು ಬೇರೆ ಮಾಡಬೇಕಾದೀತು, ಭೂವಿಜ್ಞಾನಕ್ಕೂ ಜಾಗ ಕೊಡಬೇಕಾದೀತು.

ನನಗೆ ಈಗಲೂ ಬಗೆಹರಿಯದ್ದು ಒಂದಿದೆ. ಇಲ್ಲಿ ತೋಟಕ್ಕೊಂದು ಮಳೆಮಾಪಕ, ಬೆಳಿಗ್ಗೆ ಎದ್ದು ಇಂಚಿನ ಲೆಕ್ಕದಲ್ಲಿ ಬರೆದಿಡುತ್ತಾರೆ, ಎದುರು ಸಿಕ್ಕವರು ಮೊದಲು ಕೇಳುವುದೂ ನಿಮ್ಮ ಕಡೆ ಎಷ್ಟು ಇಂಚು ಅಂತಲೇ. ಆ ಲೆಕ್ಕಕ್ಕೆ ಲಿಬ್ರೆ ಆಫೀಸ್‌ನಲ್ಲಿ ಒಂದು ಹಾಳೆ ಮಾಡಿ ಇಟ್ಟಿದ್ದೇನೆ, ತಿಂಗಳ ಮೊತ್ತ, ಹೋದ ವರ್ಷದ ಹೋಲಿಕೆ, ಒಂದು ಗ್ರಾಫ್. ಡಿಸ್ಕ್‌ನಿಂದ ಅತಿ ಹೆಚ್ಚು ಹೋಗುವುದು ಅದೇ. ನಕ್ಷೆಗೆ ಸೇರದು, ಪಾಠ ಅಲ್ಲ, ಸಾಫ್ಟ್‌ವೇರ್ ಅಂತಲೂ ಅನ್ನಲಾಗದು. ಸದ್ಯಕ್ಕೆ ಯಾವ ಫೋಲ್ಡರ್ ಒಳಗೂ ಇಲ್ಲದೆ ಎಲ್ಲಕ್ಕಿಂತ ಮೇಲೆ ಒಂಟಿಯಾಗಿ ಕೂತಿದೆ, ಯಾರೂ ಅದು ಎಲ್ಲಿದೆ ಅಂತ ಕೇಳಿಲ್ಲ.